ಎರಡು ಹೊನಲುಗಳನ್ನು ಕಂಡವನು: ಪ್ರಭು ಮಾರ್ಸಿಲಿಯ ಜೀವಚರಿತ್ರೆ

ಸಮುದ್ರವನ್ನು ದಡದಲ್ಲಿ ನಿಂತು ನೋಡುವವನಿಗೆ ಅದರ ಮೇಲ್ಭಾಗವು ಮಾತ್ರ ಕಾಣುತ್ತದೆ. ದೋಣಿಯು ಯಾವ ಕಡೆಗೆ ಸೆಳೆಯಲ್ಪಡುತ್ತದೋ ನೀರೆಲ್ಲಾ ಆ ಕಡೆಗೇ ಹರಿಯುತ್ತದೆಂದು ಅವನು ನೆನಸುವನು. ಆದರೆ ಸೃಷ್ಟಿಕರ್ತನು ಅಗಾಧದಲ್ಲಿ ಇಟ್ಟಿರುವ ಕ್ರಮವು ಬೇರೆ. ಮೇಲಿನ ನೀರು ದಕ್ಷಿಣಕ್ಕೆ ಹೋಗುತ್ತಿರುವಾಗಲೇ ಅದರ ಕೆಳಗಿನ ನೀರು ಸದ್ದಿಲ್ಲದೆ ಉತ್ತರಕ್ಕೆ ಹೋಗುವ ಸ್ಥಳಗಳುಂಟು. ಇಂಥಾ ಒಂದು ಸ್ಥಳವನ್ನು ಅಳತೆಯಿಂದಲೂ ತೂಕದಿಂದಲೂ ಶೋಧಿಸಿ, ಅಲ್ಲಿಯ ಎರಡು ಹೊನಲುಗಳಿಗೆ ಕಾರಣವೇನೆಂಬದನ್ನು ಮೊದಲು ಪರೀಕ್ಷೆಮಾಡಿ ತೋರಿಸಿದವನು ಇಟಲಿ ದೇಶದ ಬೊಲೋನ್ಯಾ ಪಟ್ಟಣದ ಪ್ರಭುವಾದ ಲೂಯಿಜಿ ಫೆರ್ಡಿನಾಂಡೊ ಮಾರ್ಸಿಲಿ ಎಂಬವನು. ಇವನು ವಿದ್ವಾಂಸನೂ ಸೈನಿಕನೂ ಆಗಿದ್ದನು, ದಾಸನಾಗಿ ಮಾರಲ್ಪಟ್ಟನು, ಸೇನೆಯಲ್ಲಿ ಉನ್ನತ ಪದವಿಗೆ ಏರಿ ಅವಮಾನದಿಂದ ಇಳಿಸಲ್ಪಟ್ಟನು, ಕಡೆಗೆ, ಒಂದು ಕಾಲದಲ್ಲಿ ತನ್ನನ್ನು ಕಂಬಕ್ಕೆ ಕಟ್ಟುತ್ತಿದ್ದವನ ಬಂಧನವನ್ನು ಬಿಡಿಸಿದನು. ಇವನ ಜೀವಿತದಲ್ಲಿ ನಮ್ಮ ಸಭೆಗಳವರು ತಿಳಿಯತಕ್ಕ ಸಂಗತಿಗಳು ಅನೇಕವಾಗಿರುವದರಿಂದ ಅದನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಮಾರ್ಸಿಲಿಯು ರೋಮನ್ ಕಥೋಲಿಕ ಸಭೆಗೆ ಸೇರಿದವನು. ಅವನ ಆರಾಧನೆಯ ಪದ್ಧತಿಗಳು ನಮ್ಮವುಗಳಲ್ಲ. ಆದರೂ ದೇವರ ಸೃಷ್ಟಿಯನ್ನು ಶ್ರದ್ಧೆಯಿಂದ ಶೋಧಿಸಿದವನನ್ನೂ ವೈರಿಗೆ ಒಳ್ಳೇದನ್ನು ಮಾಡಿದವನನ್ನೂ ಯಾವ ಸಭೆಯಲ್ಲಿ ಕಂಡರೂ ಗೌರವಿಸುವದು ನಮಗೆ ತಕ್ಕದ್ದೇ.

ಬಾಲ್ಯವೂ ವಿದ್ಯಾಭ್ಯಾಸವೂ

ಮಾರ್ಸಿಲಿಯು ಕ್ರಿ. ಶ. ೧೬೫೮ನೆಯ ಇಸವಿ ಜುಲೈ ೧೦ನೆಯ ತಾರೀಖಿನಲ್ಲಿ ಬೊಲೋನ್ಯಾದ ಕುಲೀನ ಮನೆತನವೊಂದರಲ್ಲಿ ಹುಟ್ಟಿದನು. ಅಂಥಾ ಮನೆಯ ಮಗನು ಬೇಟೆಯಲ್ಲಿಯೂ ಔತಣಗಳಲ್ಲಿಯೂ ಕಾಲವನ್ನು ಕಳೆಯಬಹುದಾಗಿತ್ತು. ಆದರೆ ಇವನ ಮನಸ್ಸು ವಿದ್ಯೆಯ ಕಡೆಗೆ ತಿರುಗಿತು. ಆ ಪಟ್ಟಣದ ವಿದ್ಯಾಪೀಠವು ಯೂರೋಪಿನಲ್ಲಿ ಬಹು ಪುರಾತನವಾದದ್ದು. ಅಲ್ಲಿ ಆಗ ಮಾಲ್ಪೀಗಿ ಎಂಬ ಪ್ರಸಿದ್ಧ ವೈದ್ಯನಿದ್ದನು. ಹೃದಯದಿಂದ ಹೊರಡುವ ರಕ್ತನಾಳಗಳಿಗೂ ಹೃದಯಕ್ಕೆ ಹಿಂದಿರುಗುವ ನಾಳಗಳಿಗೂ ನಡುವೆ ಕೂದಲಿಗಿಂತ ಸಣ್ಣದಾದ ನಾಳಗಳಿರುವವೆಂದು ೧೬೬೧ರಲ್ಲಿ ಸೂಕ್ಷ್ಮದರ್ಶಕದ ಮೂಲಕ ತೋರಿಸಿದವನು ಇವನೇ. ಮೊಂತಾನಾರಿ ಎಂಬ ಗಣಿತಜ್ಞನೂ ಅಲ್ಲಿದ್ದನು. ಈ ಇಬ್ಬರ ಬಳಿಯಲ್ಲಿ ಮಾರ್ಸಿಲಿಯು ಕಲಿತದ್ದು ಮುಖ್ಯವಾಗಿ ಒಂದೇ ಪಾಠ: ಪುಸ್ತಕದಲ್ಲಿ ಬರೆದಿರುವದರಿಂದಲೇ ಒಂದು ಸಂಗತಿಯನ್ನು ನಂಬಿಬಿಡಬಾರದು, ಕಣ್ಣಿನಿಂದ ನೋಡಬೇಕು, ಕೈಯಿಂದ ಅಳೆಯಬೇಕು ಎಂಬದೇ.

ಬೊಸ್ಪೊರದ ಜಲಸಂಧಿ

೧೬೭೯ರಲ್ಲಿ, ತನ್ನ ಇಪ್ಪತ್ತೊಂದನೆಯ ವರುಷದಲ್ಲಿ, ಅವನು ವೆನಿಸ್ ಸಂಸ್ಥಾನದ ರಾಯಭಾರಿಯ ಪರಿವಾರದೊಂದಿಗೆ ತುರ್ಕಿ ಸುಲ್ತಾನನ ರಾಜಧಾನಿಯಾಗಿದ್ದ ಕಾನ್‌ಸ್ಟಾಂಟಿನೋಪಲಿಗೆ ಹೋದನು. ಈಗ ಆ ಪಟ್ಟಣಕ್ಕೆ ಇಸ್ತಾಂಬುಲ್ ಎಂದು ಹೆಸರು. ಪಟ್ಟಣದ ಪಕ್ಕದಲ್ಲಿಯೇ ಬೊಸ್ಪೊರವೆಂಬ ಇಕ್ಕಟ್ಟಾದ ಜಲಸಂಧಿಯಿದೆ. ಅದರ ಉದ್ದವು ಸುಮಾರು ೩೦ ಕಿಲೊಮೀಟರು. ಬಹಳ ಇಕ್ಕಟ್ಟಾದ ಸ್ಥಳದಲ್ಲಿ ಅಗಲವು ಸುಮಾರು ೭೦೦ ಮೀಟರು ಮಾತ್ರ. ಅದರ ಉತ್ತರಕ್ಕೆ ಕಪ್ಪು ಸಮುದ್ರವೂ ದಕ್ಷಿಣಕ್ಕೆ ಮಾರ್ಮರಾ ಸಮುದ್ರವೂ ಇವೆ. ಮಾರ್ಮರಾವನ್ನು ದಾಟಿ ಇನ್ನೊಂದು ಜಲಸಂಧಿಯ ಮೂಲಕ ಹೋದರೆ, ಅಪೊಸ್ತಲನಾದ ಪೌಲನು ಹಡಗಿನಲ್ಲಿ ಸಂಚರಿಸಿದ ಮೆಡಿಟರೇನಿಯನ್ ಸಮುದ್ರವು ಸಿಕ್ಕುತ್ತದೆ.

ಬೊಸ್ಪೊರದಲ್ಲಿ ಮೇಲಿನ ನೀರು ನದಿಯಂತೆ ಕಪ್ಪು ಸಮುದ್ರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಇಕ್ಕಟ್ಟಾದ ಕಡೆಗಳಲ್ಲಿ ಅದರ ವೇಗವು ಮನುಷ್ಯನು ಬೇಗಬೇಗನೆ ನಡೆಯುವಷ್ಟು ಇರುವದು. ಇದನ್ನು ಎಲ್ಲರೂ ಬಲ್ಲರು. ಆದರೆ ಅಲ್ಲಿಯ ಬೆಸ್ತರು ಇನ್ನೊಂದು ಮಾತನ್ನು ಹೇಳುತ್ತಿದ್ದರು. ಬಲೆಯನ್ನು ಆಳಕ್ಕೆ ಇಳಿಸಿದರೆ ಅದು ಮೇಲಿನ ಹೊನಲಿಗೆ ಎದುರಾಗಿ ಉತ್ತರದ ಕಡೆಗೆ ಸೆಳೆಯಲ್ಪಡುತ್ತದೆಂಬದೇ ಆ ಮಾತು. ಆರನೆಯ ಶತಮಾನದಲ್ಲಿದ್ದ ಪ್ರೊಕೋಪಿಯ ಎಂಬ ಚರಿತ್ರೆಗಾರನೂ ಇದನ್ನು ಕೇಳಿ ಬರೆದಿಟ್ಟಿದ್ದನು. ಸಾವಿರ ವರುಷಗಳಿಗಿಂತ ಹೆಚ್ಚು ಕಾಲ ಆ ಮಾತು ಬೆಸ್ತರ ಬಾಯಲ್ಲಿಯೇ ಇತ್ತು. ಅದನ್ನು ಅಳೆದು ಕಾರಣವನ್ನು ಸ್ಥಾಪಿಸಿದವರು ಯಾರೂ ಇರಲಿಲ್ಲ. ಮಾರ್ಸಿಲಿಯು ಬೆಸ್ತರಿಂದಲೂ, ಆಗ ಅಲ್ಲಿ ಇಂಗ್ಲಿಷ್ ರಾಯಭಾರಿಯಾಗಿದ್ದ ಸರ್ ಜಾನ್ ಫಿಂಚ್ ಎಂಬವನಿಂದಲೂ ಇದನ್ನು ಕೇಳಿದನು. ಬಲೆ ಹಾಕುವವರ ಮಾತೆಂದು ಅವನು ಅದನ್ನು ತಳ್ಳಿಬಿಡಲಿಲ್ಲ, ಬಹು ಜನರು ಹೇಳುತ್ತಾರೆಂದು ಕಣ್ಣು ಮುಚ್ಚಿ ಒಪ್ಪಲೂ ಇಲ್ಲ, ಪರೀಕ್ಷಿಸುವದಕ್ಕೆ ಹೊರಟನು.

ಹಗ್ಗವೂ ಪೆಟ್ಟಿಗೆಯೂ

ಅವನ ಮೊದಲನೆಯ ಪರೀಕ್ಷೆಯು ಬಹಳ ಸರಳವಾದದ್ದು. ಒಂದು ಉದ್ದವಾದ ಹಗ್ಗದ ತುದಿಗೆ ಸೀಸದ ಗುಂಡನ್ನು ಕಟ್ಟಿ, ಹಗ್ಗದುದ್ದಕ್ಕೂ ಅಲ್ಲಲ್ಲಿ ಬಿಳೀ ಬಣ್ಣ ಬಳಿದ ಬೆಂಡಿನ ತುಂಡುಗಳನ್ನು ಕಟ್ಟಿ, ದೋಣಿಯಿಂದ ನೀರಿಗೆ ಇಳಿಸಿದನು. ಮೇಲಿನ ಬೆಂಡುಗಳು ಹೊನಲಿನೊಂದಿಗೆ ಮಾರ್ಮರಾದ ಕಡೆಗೆ ಬಾಗಿದವು. ಹಗ್ಗವು ಇನ್ನೂ ಆಳಕ್ಕೆ ಹೋದಾಗ ಕೆಳಗಿನ ಬೆಂಡುಗಳು ಕಪ್ಪು ಸಮುದ್ರದ ಕಡೆಗೆ ಬಾಗಿದವು. ಒಂದೇ ಹಗ್ಗವು ಒಂದೇ ನೀರಿನಲ್ಲಿ ಎರಡು ದಿಕ್ಕಿಗೆ ಸೆಳೆಯಲ್ಪಟ್ಟಿತು. ಬೆಸ್ತರ ಮಾತು ಸತ್ಯವಾಗಿತ್ತು.

ಹಾಗಾಗುವದಕ್ಕೆ ಕಾರಣವೇನು? ಅವನು ಬೇರೆಬೇರೆ ಸ್ಥಳಗಳಿಂದಲೂ ಆಳಗಳಿಂದಲೂ ನೀರನ್ನು ತರಿಸಿ, ತೇಲಿಸಿ ತೂಕವನ್ನು ತಿಳಿಯುವ ಉಪಕರಣದಿಂದ ಪರೀಕ್ಷಿಸಿದನು. ನಮ್ಮ ಹಳ್ಳಿಗಳ ಹಾಲಿನ ಸಂಘದಲ್ಲಿ ಹಾಲಿಗೆ ನೀರು ಬೆರಸಿದೆಯೋ ಇಲ್ಲವೋ ಎಂದು ನೋಡುವದಕ್ಕೆ ಲ್ಯಾಕ್ಟೋಮೀಟರೆಂಬ ಗಾಜಿನ ಕೊಳವೆಯನ್ನು ಹಾಲಿಗೆ ಬಿಡುವದನ್ನು ಅನೇಕರು ನೋಡಿರುವರು. ದ್ರವವು ಭಾರವಾಗಿದ್ದರೆ ಕೊಳವೆಯು ಮೇಲೆ ನಿಲ್ಲುವದು, ಹಗುರವಾಗಿದ್ದರೆ ಮುಳುಗುವದು. ಮಾರ್ಸಿಲಿಯ ಉಪಕರಣವೂ ಅದೇ ತತ್ವದ್ದು. ಅದರಿಂದ ತಿಳಿದುಬಂದದ್ದೇನಂದರೆ, ಕಪ್ಪು ಸಮುದ್ರದ ನೀರು ಹಗುರ, ಮೆಡಿಟರೇನಿಯನ್ ಕಡೆಯ ನೀರು ಭಾರ. ಬೊಸ್ಪೊರದ ಕೆಳಗಿನ ನೀರು ಮೇಲಿನ ನೀರಿಗಿಂತ ಭಾರ. ಒಂದೇ ಅಳತೆಯ ಎರಡು ದ್ರವಗಳಲ್ಲಿ ಒಂದರ ತೂಕವು ಇನ್ನೊಂದಕ್ಕಿಂತ ಹೆಚ್ಚಾಗಿದ್ದರೆ ಅದರ ಸಾಂದ್ರತೆಯು ಹೆಚ್ಚೆಂದು ಹೇಳುವರು. ನೀರಿನಲ್ಲಿ ಉಪ್ಪು ಹೆಚ್ಚಾದರೆ ಸಾಂದ್ರತೆಯು ಹೆಚ್ಚುವದು. ಬರೀ ನೀರಿನಲ್ಲಿ ಮುಳುಗುವ ಹೊಸ ಕೋಳಿಮೊಟ್ಟೆಯು, ಸಾಕಷ್ಟು ಉಪ್ಪನ್ನು ಕರಗಿಸಿದ ನೀರಿನಲ್ಲಿ ತೇಲುವದನ್ನು ಯಾವ ಮನೆಯಲ್ಲಿಯಾದರೂ ಮಾಡಿ ನೋಡಬಹುದು.

ಈಗಿನ ಅಳತೆಯ ಪ್ರಕಾರ ಕಪ್ಪು ಸಮುದ್ರದ ಮೇಲಿನ ನೀರಿನ ಸಾವಿರ ಭಾಗಗಳಲ್ಲಿ ಉಪ್ಪು ಸುಮಾರು ೧೮ ಭಾಗ. ಮೆಡಿಟರೇನಿಯನ್ ಸಮುದ್ರದಲ್ಲಿ ಸುಮಾರು ೩೮ ಭಾಗ. ಒಂದು ಲೀಟರು ಸಿಹಿನೀರು ಸುಮಾರು ೧೦೦೦ ಗ್ರಾಮು ತೂಗಿದರೆ, ಕಪ್ಪು ಸಮುದ್ರದ ಮೇಲಿನ ನೀರು ಸುಮಾರು ೧೦೧೩ ಗ್ರಾಮೂ ಮೆಡಿಟರೇನಿಯನಿನ ನೀರು ಸುಮಾರು ೧೦೨೮ ಗ್ರಾಮೂ ತೂಗುವದು. ವ್ಯತ್ಯಾಸವು ಒಂದು ಚಿಟಿಕೆಯಷ್ಟೆಂದು ತೋರುವದು. ಆದರೆ ಸಮುದ್ರವನ್ನೇ ನಡಿಸುವದಕ್ಕೆ ಅದು ಸಾಕಾಗಿದೆ.

ಇದನ್ನು ಸ್ಥಾಪಿಸುವದಕ್ಕಾಗಿ ಮಾರ್ಸಿಲಿಯು ಒಂದು ಪೆಟ್ಟಿಗೆಯನ್ನು ಮಾಡಿಸಿ, ನಡುವೆ ಹಲಗೆಯ ಅಡ್ಡಗೋಡೆಯನ್ನಿಟ್ಟು, ಆ ಗೋಡೆಯಲ್ಲಿ ಮೇಲ್ಗಡೆ ಒಂದು ರಂಧ್ರವನ್ನೂ ತಳದ ಬಳಿಯಲ್ಲಿ ಒಂದು ರಂಧ್ರವನ್ನೂ ಮಾಡಿಸಿದನು. ಒಂದು ಪಾಲಿನಲ್ಲಿ ಹಗುರವಾದ ನೀರನ್ನೂ ಇನ್ನೊಂದರಲ್ಲಿ ಬಣ್ಣ ಹಾಕಿದ ಭಾರವಾದ ಉಪ್ಪುನೀರನ್ನೂ ತುಂಬಿ ರಂಧ್ರಗಳನ್ನು ತೆರೆದಾಗ, ಭಾರವಾದ ನೀರು ಕೆಳಗಿನ ರಂಧ್ರದಿಂದ ಆಚೆಗೆ ಹೋಯಿತು. ಹಗುರವಾದ ನೀರು ಮೇಲಿನ ರಂಧ್ರದಿಂದ ಈಚೆಗೆ ಬಂತು. ಗಾಳಿಯೂ ಇರಲಿಲ್ಲ, ಇಳಿಜಾರೂ ಇರಲಿಲ್ಲ. ತೂಕದ ವ್ಯತ್ಯಾಸ ಒಂದರಿಂದಲೇ ಎರಡು ಎದುರು ಹೊನಲುಗಳು ಹುಟ್ಟಿದವು. ಬೊಸ್ಪೊರವು ಆ ಪೆಟ್ಟಿಗೆಯ ದೊಡ್ಡ ರೂಪವೇ ಆಗಿದೆ.

ಈ ಕ್ರಮವು ಹೇಗೆ ನಡೆಯುತ್ತದೆಂದರೆ, ದಾನ್ಯೂಬ್, ನೀಸ್ತರ್, ನೀಪರ್ ಮೊದಲಾದ ಮಹಾನದಿಗಳು ಕಪ್ಪು ಸಮುದ್ರಕ್ಕೆ ಸಿಹಿನೀರನ್ನು ತಂದು ಸುರಿಯುವದರಿಂದ ಅದರ ನೀರಿನ ಮಟ್ಟವು ಮಾರ್ಮರಾಕ್ಕಿಂತ ಸ್ವಲ್ಪ ಎತ್ತರವಾಗಿದೆ. ಆ ಎತ್ತರವು ಒಂದು ಮೊಳಕ್ಕೂ ಕಡಿಮೆ. ಆದರೂ ಮೇಲಿನ ನೀರು ದಕ್ಷಿಣಕ್ಕೆ ಇಳಿದುಬರುವದಕ್ಕೆ ಅದು ಸಾಕು. ಆಳದಲ್ಲಿಯಾದರೋ ಸ್ಥಿತಿಯು ಬೇರೆ. ಮೆಡಿಟರೇನಿಯನಿನ ಕಡೆಯಿಂದ ಬಂದ ನೀರು, ಬಿಸಿಲಿನಿಂದ ಆವಿಯು ಹೋಗಿ ಉಪ್ಪು ಉಳಿದದ್ದರಿಂದ ಭಾರವಾಗಿದೆ. ಆಳಕ್ಕೆ ಹೋದಷ್ಟೂ ಆ ಭಾರದ ಒತ್ತಡವು ಬೆಳೆದು, ಒಂದು ಮಟ್ಟದಿಂದ ಕೆಳಗೆ ದಕ್ಷಿಣದ ಒತ್ತಡವೇ ಮೇಲಾಗುವದು. ಆದಕಾರಣ ಅಲ್ಲಿ ನೀರು ಉತ್ತರಕ್ಕೆ ನುಗ್ಗುವದು. ನದಿಗಳು ಸಾವಿರಾರು ವರುಷ ಸಿಹಿನೀರನ್ನು ಸುರಿದರೂ ಕಪ್ಪು ಸಮುದ್ರವು ಕೆರೆಯಾಗಿಹೋಗದೆ ಉಪ್ಪಾಗಿಯೇ ಉಳಿದಿರುವದು ಈ ಕೆಳಗಿನ ಹೊನಲಿನ ದೆಸೆಯಿಂದಲೇ. ಮೇಲಿನ ಹೊನಲು ಉಪ್ಪನ್ನು ಹೊರಗೆ ಹೊತ್ತುಕೊಂಡು ಹೋಗುವದು. ಕಾಣದ ಹೊನಲು ಅದನ್ನು ತಿರಿಗಿ ಒಳಗೆ ತರುವದು. ಮಾರ್ಸಿಲಿಯು ಇದನ್ನೆಲ್ಲಾ ಒಂದು ಗ್ರಂಥವಾಗಿ ಬರೆದು, ೧೬೮೧ರಲ್ಲಿ ರೋಮಾಪುರದಲ್ಲಿ ಅಚ್ಚುಮಾಡಿಸಿ, ಆಗ ಅಲ್ಲಿ ವಾಸಿಸುತ್ತಿದ್ದ ಸ್ವೀಡನ್ ದೇಶದ ಕ್ರಿಸ್ತೀನಾ ರಾಣಿಗೆ ಅರ್ಪಿಸಿದನು. ಆಗ ಅವನಿಗೆ ವಯಸ್ಸು ಇಪ್ಪತ್ತಮೂರು.

ದಾಸತ್ವ

ವಿದ್ಯೆಯಿಂದ ಹೆಸರು ಬಂದರೂ ಅವನು ಅಲ್ಲಿಗೇ ನಿಲ್ಲದೆ, ೧೬೮೨ರಲ್ಲಿ ಆಸ್ಟ್ರಿಯ ದೇಶದ ಚಕ್ರವರ್ತಿಯಾದ ಲಿಯೊಪೋಲ್ದನ ಸೈನ್ಯಕ್ಕೆ ಸೇರಿದನು. ಮರುವರುಷವೇ ತುರ್ಕರು ದೊಡ್ಡ ದಂಡಿನೊಂದಿಗೆ ಆ ಚಕ್ರವರ್ತಿಯ ರಾಜಧಾನಿಯಾದ ವಿಯೆನ್ನಾವನ್ನು ಮುತ್ತಿಗೆ ಹಾಕುವದಕ್ಕೆ ಬಂದರು. ೧೬೮೩ನೆಯ ಜುಲೈ ೨ರಲ್ಲಿ ಹಂಗೇರಿಯ ರಾಬಾ ನದಿಯ ಬಳಿಯಲ್ಲಿ ಮಾರ್ಸಿಲಿಯು ಗಾಯಪಟ್ಟು ತಾರ್ತರ ಕುದುರೆಸವಾರರ ಕೈಗೆ ಸಿಕ್ಕಿದನು. ಅವರು ಅವನನ್ನು ಒಬ್ಬ ಪಾಷಾನಿಗೆ ಮಾರಿದರು. ಪ್ರಭುವಿನ ಮಗನು ದನದಂತೆ ಕೈಯಿಂದ ಕೈಗೆ ಮಾರಲ್ಪಟ್ಟನು. ವಿಯೆನ್ನಾದ ಹೊರಗಿನ ತುರ್ಕರ ಪಾಳೆಯದಲ್ಲಿ, ತನ್ನ ಸ್ವಂತ ಚಕ್ರವರ್ತಿಯ ಪಟ್ಟಣವು ಮುತ್ತಿಗೆಯಲ್ಲಿರುವದನ್ನು ವೈರಿಯ ಕಡೆಯಿಂದ ನೋಡುತ್ತಾ, ಕಾಫಿಯ ಡೇರೆಯಲ್ಲಿ ಊಳಿಗ ಮಾಡಿದನು. ಆ ದುಸ್ಥಿತಿಯಲ್ಲಿಯೂ ಅವನ ಕಣ್ಣುಗಳು ತೆರೆದೇ ಇದ್ದವು. ನಮ್ಮ ನಾಡಿಗೆ ಬಹು ಪರಿಚಿತವಾದ ಕಾಫಿಯ ವಿಷಯದಲ್ಲಿ ಅವನು ೧೬೮೫ರಲ್ಲಿ ಒಂದು ಚಿಕ್ಕ ಪುಸ್ತಕವನ್ನೇ ಪ್ರಕಟಿಸಿದನು.

ಸೆಪ್ಟೆಂಬರ್ ೧೨ರಲ್ಲಿ ತುರ್ಕರ ದಂಡು ಸೋತು ಹಿಂದಿರುಗಿತು. ಆ ಗಲಿಬಿಲಿಯಲ್ಲಿ ಮಾರ್ಸಿಲಿಯು ಬೊಸ್ನಿಯ ಸೀಮೆಯ ಇಬ್ಬರು ಅಣ್ಣತಮ್ಮಂದಿರ ಪಾಲಾದನು. ಅವರು ಬಹಳ ಬಡವರು. ತಮ್ಮ ದಾಸನು ಓಡಿಹೋದರೆ ಬಿಡುಗಡೆಯ ಹಣವೂ ಹೋಗುವದೆಂದು ಭಯಪಟ್ಟು, ರಾತ್ರಿಯಲ್ಲಿ ಅವನನ್ನು ಗುಡಿಸಲಿನ ನಡುವಿನ ಗೂಟಕ್ಕೆ ಕಟ್ಟಿಹಾಕಿಸುತ್ತಿದ್ದರು. ಅವರೊಂದಿಗೆ ವಾಸಿಸುತ್ತಿದ್ದ ಮೂರನೆಯವನೊಬ್ಬನಿಗೆ ಆ ಕೆಲಸವು ಒಪ್ಪಿಸಲ್ಪಟ್ಟಿತ್ತು. ರಾತ್ರಿಯಾದ ಮೇಲೆ ರಾತ್ರಿ ಆ ಮನುಷ್ಯನ ಕೈಗಳೇ ಅವನನ್ನು ಬಿಗಿದವು. ಕಡೆಗೆ ಈಡಿನ ಹಣವು ಸಂದಾಯವಾಗಿ, ೧೬೮೪ನೆಯ ಮಾರ್ಚ್ ೨೫ರಲ್ಲಿ ಅವನು ಬಿಡುಗಡೆ ಹೊಂದಿದನು. ಆ ದಿನವನ್ನು ಅವನು ಸಾಯುವ ತನಕ ಮರೆಯಲಿಲ್ಲ.

ಮುರಿದ ಖಡ್ಗ

ಆಮೇಲೆ ಇಪ್ಪತ್ತು ವರುಷಗಳ ತನಕ ಅವನು ಚಕ್ರವರ್ತಿಯ ಸೇವೆಯಲ್ಲಿ ಏರುತ್ತಾ ಹೋದನು. ಕೋಟೆಗಳನ್ನು ಕಟ್ಟಿಸಿದನು, ದಾನ್ಯೂಬ್ ನದಿಯ ಉದ್ದಕ್ಕೂ ಸಂಚರಿಸಿ, ಅದರ ಆಳವನ್ನೂ ವೇಗವನ್ನೂ ಮೀನುಗಳನ್ನೂ ಹಕ್ಕಿಗಳನ್ನೂ ದಡದಲ್ಲಿರುವ ಪುರಾತನ ಕಟ್ಟಡಗಳನ್ನೂ ಬರೆದಿಟ್ಟನು. ೧೬೯೯ರಲ್ಲಿ ಕಾರ್ಲೊವಿತ್ಸಿನಲ್ಲಿ ಸಮಾಧಾನವಾದಾಗ, ಎರಡು ರಾಜ್ಯಗಳ ಎಲ್ಲೆಯನ್ನು ಗುರುತಿಸುವ ಕೆಲಸವು ಚಕ್ರವರ್ತಿಯ ಪಕ್ಷದಲ್ಲಿ ಅವನಿಗೇ ಒಪ್ಪಿಸಲ್ಪಟ್ಟಿತು.

ಆದರೆ ೧೭೦೩ರಲ್ಲಿ ಬ್ರೈಸಾಕ್ ಎಂಬ ಕೋಟೆಯನ್ನು ಫ್ರೆಂಚರು ಮುತ್ತಿದರು. ಕೋಟೆಯ ಮುಖ್ಯಾಧಿಕಾರಿಯು ಪ್ರಭು ಆರ್ಕೊ ಎಂಬವನು. ಮಾರ್ಸಿಲಿಯು ಅವನ ಕೈಕೆಳಗೆ ಎರಡನೆಯವನಾಗಿದ್ದನು. ಹದಿನೈದು ದಿನಗಳೊಳಗೆ ಕೋಟೆಯು ವೈರಿಗಳಿಗೆ ಒಪ್ಪಿಸಲ್ಪಟ್ಟಿತು. ೧೭೦೪ನೆಯ ಫೆಬ್ರವರಿಯಲ್ಲಿ ಸೇನಾ ನ್ಯಾಯಸ್ಥಾನವು ಆರ್ಕೊನಿಗೆ ಮರಣದಂಡನೆಯನ್ನು ವಿಧಿಸಿತು. ಮಾರ್ಸಿಲಿಯ ಪದವಿಗಳನ್ನೆಲ್ಲಾ ಕಿತ್ತುಕೊಂಡು, ಅವನ ಖಡ್ಗವನ್ನು ಬಹಿರಂಗವಾಗಿ ಮುರಿಸಿತು. ಸೈನಿಕನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಅವನು ಚಕ್ರವರ್ತಿಗೆ ಅರಿಕೆ ಮಾಡಿಕೊಂಡರೂ ಅದು ಕೇಳಲ್ಪಡಲಿಲ್ಲ. ತನ್ನ ಪಕ್ಷದ ವಾದವನ್ನು ಅಚ್ಚುಮಾಡಿಸಿ ಲೋಕದ ಮುಂದೆ ಇಟ್ಟನು. ಯೂರೋಪಿನ ಅನೇಕರು ಅವನ ಮೇಲೆ ಅನ್ಯಾಯವಾಯಿತೆಂದು ತಿಳಿದರು. ಆದರೆ ತೀರ್ಪು ಬದಲಾಗಲಿಲ್ಲ. ನಲವತ್ತಾರನೆಯ ವರುಷದಲ್ಲಿ ಅವನಿಗೆ ಉದ್ಯೋಗವೂ ಇರಲಿಲ್ಲ, ಮಾನವೂ ಇರಲಿಲ್ಲ.

ಮಾರ್ಸೇಲ್ ಬಂದರದಲ್ಲಿ

ಇಂಥಾ ಸ್ಥಿತಿಯಲ್ಲಿ ಕೆಲವರು ಕುಡಿತಕ್ಕೆ ಬೀಳುವರು, ಕೆಲವರು ಹಗೆಯನ್ನು ಸಾಕುವರು. ಮಾರ್ಸಿಲಿಯು ತನ್ನ ಯೌವನದ ಕೆಲಸಕ್ಕೆ, ಅಂದರೆ ಸಮುದ್ರಕ್ಕೆ, ಹಿಂದಿರುಗಿದನು. ಫ್ರಾನ್ಸ್ ದೇಶದ ದಕ್ಷಿಣ ತೀರದಲ್ಲಿ ಮಾರ್ಸೇಲ್ ಪಟ್ಟಣಕ್ಕೆ ಸಮೀಪವಾದ ಕಾಸಿ ಎಂಬ ಬೆಸ್ತರ ಊರಿನಲ್ಲಿ ವಾಸಮಾಡಿ, ಬೆಸ್ತರ ದೋಣಿಗಳಲ್ಲಿ ಹೋಗಿ ಸಮುದ್ರದ ಆಳವನ್ನೂ ತಳದ ರೂಪವನ್ನೂ ನೀರಿನ ಶಾಖವನ್ನೂ ಉಪ್ಪನ್ನೂ ಹೊನಲುಗಳನ್ನೂ ಅಳೆದನು. ದಡದಿಂದ ಕೆಲವು ದೂರ ಸಾವಕಾಶವಾಗಿ ಇಳಿಯುವ ಸಮುದ್ರದ ತಳವು, ಒಂದು ಎಲ್ಲೆಯನ್ನು ದಾಟಿದ ಮೇಲೆ ಥಟ್ಟನೆ ಪ್ರಪಾತಕ್ಕೆ ಇಳಿಯುವದನ್ನು ಗುರುತಿಸಿದನು. ಹವಳದಲ್ಲಿ ಅರಳುವವುಗಳನ್ನು ಕಂಡು, ಹವಳವು ಗಿಡವೆಂದೂ ಅವು ಅದರ ಹೂವುಗಳೆಂದೂ ಅವನು ತಿಳಿದನು. ಇದು ತಪ್ಪಾಗಿತ್ತು, ಅವು ಸಣ್ಣ ಪ್ರಾಣಿಗಳೆಂದು ಅವನ ತರುವಾಯ ಪೆಸೊನೆಲ್ ಎಂಬ ವೈದ್ಯನು ತೋರಿಸಿದನು. ಈ ಶೋಧನೆಗಳೆಲ್ಲಾ ೧೭೨೫ರಲ್ಲಿ ಆಮ್ಸ್ಟರ್‌ಡಾಮಿನಲ್ಲಿ ಒಂದು ದೊಡ್ಡ ಗ್ರಂಥವಾಗಿ ಹೊರಟವು. ಕೇವಲ ಸಮುದ್ರದ ವಿಷಯದಲ್ಲಿಯೇ ಬರೆಯಲ್ಪಟ್ಟ ಮೊದಲನೆಯ ಶಾಸ್ತ್ರಗ್ರಂಥವೆಂದು ಅದನ್ನು ಎಣಿಸುತ್ತಾರೆ.

ಅವನು ಆ ತೀರದಲ್ಲಿದ್ದ ದಿವಸಗಳಲ್ಲಿಯೇ ನಾವು ಮುಖ್ಯವಾಗಿ ಹೇಳಬೇಕಾದ ಸಂಗತಿಯು ನಡೆಯಿತು. ಮಾರ್ಸೇಲ್ ಬಂದರದಲ್ಲಿ ಫ್ರೆಂಚ್ ಅರಸನ ಹುಟ್ಟುಹಡಗುಗಳು ನಿಲ್ಲುತ್ತಿದ್ದವು. ಅವುಗಳ ಹುಟ್ಟುಗಳನ್ನು ಎಳೆಯುವದಕ್ಕೆ ಅಪರಾಧಿಗಳೂ, ಸುವಾರ್ತಾ ವಿಶ್ವಾಸವನ್ನು ಬಿಡಲೊಲ್ಲದ ಫ್ರಾನ್ಸಿನ ನಮ್ಮ ಸಹೋದರರೂ, ಸೆರೆಸಿಕ್ಕಿದ ತುರ್ಕರೂ ಸಂಕೋಲೆಗಳಿಂದ ಬಂಧಿಸಲ್ಪಟ್ಟಿದ್ದರು. ತುರ್ಕರು ಕ್ರೈಸ್ತರನ್ನು ದಾಸರನ್ನಾಗಿ ಮಾಡಿದಂತೆಯೇ ಕ್ರೈಸ್ತರೆನಿಸಿಕೊಂಡವರೂ ತುರ್ಕರನ್ನು ದಾಸರನ್ನಾಗಿ ಇಟ್ಟಿದ್ದರು. ಇದನ್ನು ನಾವು ಮರೆಮಾಡಬಾರದು. ಅಲ್ಲಿ ಒಂದು ದಿನ ಮಾರ್ಸಿಲಿಯು ಸಂಕೋಲೆ ಹಾಕಿದ ಒಬ್ಬ ತುರ್ಕನನ್ನು ಕಂಡು ಗುರುತು ಹಿಡಿದನು. ಸುಮಾರು ಇಪ್ಪತ್ತು ವರುಷಗಳ ಹಿಂದೆ ಗುಡಿಸಲಿನಲ್ಲಿ ರಾತ್ರಿರಾತ್ರಿಯೂ ತನ್ನನ್ನು ಗೂಟಕ್ಕೆ ಬಿಗಿಯುತ್ತಿದ್ದವನು ಅವನೇ.

ಆ ದಾಸನೂ ಇವನನ್ನು ಗುರುತಿಸಿ, ಮುಯ್ಯಿ ತೀರಿಸಿಕೊಳ್ಳುವನೆಂಬ ಭಯದಿಂದ ಪಾದಕ್ಕೆ ಬಿದ್ದನು. ಮುಯ್ಯಿ ತೀರಿಸುವದಕ್ಕೆ ಹೆಚ್ಚು ಕಷ್ಟವಿರಲಿಲ್ಲ. ಹಡಗಿನ ಅಧಿಕಾರಿಗೆ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಏನೂ ಮಾಡದೆ ಸುಮ್ಮನೆ ಹೊರಟುಹೋಗಿದ್ದರೂ ಯಾರೂ ಅವನನ್ನು ದೂರುತ್ತಿರಲಿಲ್ಲ. ಮಾರ್ಸಿಲಿಯು ಇವೆರಡನ್ನೂ ಮಾಡಲಿಲ್ಲ. ಅರಸನ ಮಂತ್ರಿಗೆ ಪತ್ರ ಬರೆದು, ಆ ಮನುಷ್ಯನನ್ನು ಬಿಡಬೇಕೆಂದು ಬೇಡಿಕೊಂಡನು. ತನ್ನ ಮಾನಕ್ಕಾಗಿ ಮಾಡಿದ ಬಿನ್ನಹವು ವಿಯೆನ್ನಾದಲ್ಲಿ ಕೇಳಲ್ಪಡದಿದ್ದರೂ, ವೈರಿಗಾಗಿ ಮಾಡಿದ ಈ ಬಿನ್ನಹವು ಕೇಳಲ್ಪಟ್ಟಿತು. ಸಂಕೋಲೆಯು ತೆಗೆಯಲ್ಪಟ್ಟು ಆ ತುರ್ಕನು ಅಲ್ಜಿಯರ್ಸಿಗೆ ಕಳುಹಿಸಲ್ಪಟ್ಟನು. ಅಲ್ಲಿಂದ ಅವನು ತನ್ನ ವಿಮೋಚಕನಿಗೆ ಪತ್ರ ಬರೆದು, ಅಲ್ಲಿಯ ಅಧಿಪತಿಯ ಬಳಿಯಲ್ಲಿ ಮಾತಾಡಿ, ಸೆರೆಯಲ್ಲಿರುವ ಕ್ರೈಸ್ತರನ್ನು ಮುಂಚಿಗಿಂತ ಮೃದುವಾಗಿ ನಡಿಸುವಂತೆ ಮಾಡಿದ್ದೇನೆಂದು ತಿಳಿಸಿದನು. ಫ್ರಾನ್ಸಿನ ವಿದ್ವತ್ಸಭೆಯು ಮಾರ್ಸಿಲಿಯ ಮರಣಾನಂತರ ಬರೆಯಿಸಿದ ಚರಿತ್ರೆಯಲ್ಲಿ ಈ ಸಂಗತಿಯು ಹೇಳಲ್ಪಟ್ಟಿದೆ.

ಐಗುಪ್ತದಲ್ಲಿ ಯೋಸೇಫನ ಮುಂದೆ ಅಡ್ಡಬಿದ್ದ ಅಣ್ಣಂದಿರನ್ನು ನಮ್ಮ ಸಭೆಗಳ ಮಕ್ಕಳು ಕೂಡ ಬಲ್ಲರು. ಮಾರಲ್ಪಟ್ಟವನಿಗೆ ಅಧಿಕಾರವು ಬಂದಾಗಲೇ ಅವನ ಹೃದಯವು ಶೋಧಿಸಲ್ಪಡುವದು.

ಅಂತ್ಯಕಾಲ

ಮಾರ್ಸಿಲಿಯು ತಾನು ಕೂಡಿಸಿದ್ದ ಪುಸ್ತಕಗಳನ್ನೂ ಉಪಕರಣಗಳನ್ನೂ ಕಲ್ಲು ಗಿಡ ಪ್ರಾಣಿಗಳ ಸಂಗ್ರಹಗಳನ್ನೂ ತನ್ನ ಪಟ್ಟಣಕ್ಕೆ ದಾನಮಾಡಿ, ಬೊಲೋನ್ಯಾದ ಶಾಸ್ತ್ರಸಂಸ್ಥೆಯನ್ನು ಸ್ಥಾಪಿಸಿದನು. ಅದು ೧೭೧೪ರಲ್ಲಿ ತೆರೆಯಲ್ಪಟ್ಟಿತು. ಬರೀ ಪಾಠಗಳನ್ನು ಓದಿಸುವದಕ್ಕಲ್ಲ, ಕಣ್ಣಿಂದ ನೋಡಿ ಕೈಯಿಂದ ಮಾಡಿ ಕಲಿಯುವದಕ್ಕಾಗಿ ಅವನು ಅದನ್ನು ಏರ್ಪಡಿಸಿದನು. ಲಂಡನಿನ ರಾಯಲ್ ಸೊಸೈಟಿಯೂ ಪಾರೀಸಿನ ವಿದ್ವತ್ಸಭೆಯೂ ಅವನನ್ನು ತಮ್ಮ ಸದಸ್ಯನನ್ನಾಗಿ ಮಾಡಿಕೊಂಡವು. ದಾನ್ಯೂಬಿನ ವಿಷಯವಾಗಿ ಅವನು ಬರೆದ ಆರು ಸಂಪುಟಗಳು ೧೭೨೬ರಲ್ಲಿ ಹೊರಟವು.

ಇಷ್ಟು ಗೌರವವು ಬಂದರೂ ಅವನು ಗುಡಿಸಲಿನ ಗೂಟವನ್ನು ಮರೆಯಲಿಲ್ಲ. ಸಂಸ್ಥೆಯ ದೇವಾಲಯದಲ್ಲಿ, ತುರ್ಕಿಯಲ್ಲಿ ದಾಸರಾಗಿರುವವರನ್ನು ಬಿಡಿಸುವದಕ್ಕೋಸ್ಕರ ಒಂದು ಕಾಣಿಕೆಯ ಪೆಟ್ಟಿಗೆಯನ್ನು ಇಡಿಸಿದನು. ೧೭೩೦ನೆಯ ನವೆಂಬರ್ ೧ರಲ್ಲಿ, ತನ್ನ ಎಪ್ಪತ್ತಮೂರನೆಯ ವರುಷದಲ್ಲಿ, ಹುಟ್ಟಿದ ಪಟ್ಟಣದಲ್ಲಿಯೇ ತೀರಿಹೋದನು.

ಅವನ ತರುವಾಯ ತಿಳಿದ ಸಂಗತಿಗಳು

ಮಾರ್ಸಿಲಿಯ ಚಿಕ್ಕ ಪೆಟ್ಟಿಗೆಯಲ್ಲಿ ತೋರಿಬಂದ ಕ್ರಮವು ಲೋಕದ ಮಹಾಸಾಗರಗಳಲ್ಲಿಯೂ ನಡೆಯುತ್ತದೆಂದು ಮುಂದಿನವರು ಕಂಡುಕೊಂಡರು. ೧೭೫೧ರಲ್ಲಿ ಹೆನ್ರಿ ಎಲಿಸ್ ಎಂಬ ಹಡಗಿನ ನಾಯಕನು ಅಟ್ಲಾಂಟಿಕ್ ಸಾಗರದ ಸೆಕೆಯ ಪ್ರದೇಶದಲ್ಲಿ ಮುಚ್ಚಳವುಳ್ಳ ಪಾತ್ರೆಯನ್ನು ಬಹಳ ಆಳಕ್ಕೆ ಇಳಿಸಿ ನೀರನ್ನು ತೆಗೆದಾಗ, ಮೇಲೆ ಉಗುರುಬೆಚ್ಚಗಿದ್ದ ಸಮುದ್ರವು ಆಳದಲ್ಲಿ ತಣ್ಣಗಿತ್ತು. ಆ ತಣ್ಣೀರು ಎಲ್ಲಿಂದ ಬಂತು? ಪ್ರಭು ರಂಫೋರ್ಡ್ ಎಂಬ ಶಾಸ್ತ್ರಿಯು ೧೭೯೭ರಲ್ಲಿ ಇದಕ್ಕೆ ಉತ್ತರವನ್ನು ಹೇಳಿದನು: ಧ್ರುವಗಳ ಬಳಿಯಲ್ಲಿ ತಣ್ಣಗಾಗಿ ಮುಳುಗಿದ ನೀರೇ ತಳದಲ್ಲಿ ಹರಿದು ಬಂದಿದೆ ಎಂದು.

ಅನ್ನಕ್ಕೆ ಎಸರಿಟ್ಟಾಗ ತಳದ ನೀರು ಕಾದು ಹಗುರವಾಗಿ ಮೇಲಕ್ಕೆ ಬರುವದು. ಮೇಲಿನ ತಣ್ಣೀರು ಕೆಳಕ್ಕೆ ಇಳಿಯುವದು. ಇದಕ್ಕೆ ಸಂವಹನವೆಂದು ಹೆಸರು. ಸಮುದ್ರದಲ್ಲಿಯಾದರೋ ಒಲೆಯು ಕೆಳಗಿಲ್ಲ, ಮೇಲಿದೆ. ಸೂರ್ಯನು ಮೇಲ್ಭಾಗವನ್ನೇ ಕಾಯಿಸುವದರಿಂದ ಬೆಚ್ಚನೆಯ ಹಗುರವಾದ ನೀರು ಮೇಲೆಯೇ ನಿಲ್ಲುವದು. ಆದಕಾರಣ ಸಾಗರವು ಶಾಖದಿಂದಲ್ಲ, ಚಳಿಯಿಂದ ಕದಡಲ್ಪಡುವದು. ಗ್ರೀನ್‌ಲ್ಯಾಂಡಿನ ಸುತ್ತಲಿನ ಸಮುದ್ರಗಳಲ್ಲಿ ಚಳಿಗಾಳಿಯು ಉಪ್ಪಾದ ನೀರನ್ನು ತಣ್ಣಗೆ ಮಾಡಿ ಮುಳುಗಿಸುವದು. ದಕ್ಷಿಣ ಧ್ರುವದ ಅಂಚಿನಲ್ಲಿ ನೀರು ಹೆಪ್ಪುಗಟ್ಟುವಾಗ ಅದರ ಉಪ್ಪು ಬಹುಮಟ್ಟಿಗೆ ಹೊರಗೆ ಉಳಿದು, ಕೆಳಗಿನ ನೀರನ್ನು ಇನ್ನೂ ಭಾರವಾಗಿ ಮಾಡುವದು. ಹೀಗೆ ಮುಳುಗಿದ ನೀರು ತಳದಲ್ಲಿ ಬಹು ಮೆಲ್ಲನೆ ಹರಡಿ, ನೂರಾರು ವರುಷಗಳಾದ ಮೇಲೆ, ಕೆಲವು ಭಾಗವು ಸಾವಿರ ವರುಷಗಳಾದ ಮೇಲೆ, ತಿರಿಗಿ ಮೇಲಕ್ಕೆ ಬರುವದು. ಮೇಲಿನ ಹೊನಲುಗಳನ್ನು ಬಹುಮಟ್ಟಿಗೆ ಗಾಳಿಯು ನಡಿಸುವದು. ಆಳದ ನೀರು ಮೇಲೆ ಬರುವದಕ್ಕೂ ಗಾಳಿಯೂ ಉಬ್ಬರವಿಳಿತಗಳೂ ಸಹಾಯಮಾಡುವವು.

ಮುಳುಗುವ ನೀರು ಪ್ರಾಣವಾಯುವನ್ನು ತನ್ನೊಂದಿಗೆ ಕೆಳಗೆ ಒಯ್ಯುವದರಿಂದಲೇ ಸಾಗರದ ಆಳದಲ್ಲಿ ಜೀವಿಗಳು ಬದುಕುತ್ತವೆ. ಹೀಗೆ ಮುಳುಗುವಿಕೆಯು ನಡೆಯದಿದ್ದರೆ ಏನಾಗುವದೆಂಬದನ್ನು ಕಪ್ಪು ಸಮುದ್ರದಲ್ಲಿಯೇ ಕಾಣಬಹುದು. ಅಲ್ಲಿ ಹಗುರವಾದ ನೀರು ಭಾರವಾದ ನೀರಿನ ಮೇಲೆ ಮುಚ್ಚಳದಂತೆ ಕೂತಿರುವದರಿಂದ, ಸುಮಾರು ೨೦೦ ಮೀಟರಿನಿಂದ ಕೆಳಗೆ ಪ್ರಾಣವಾಯುವಿಲ್ಲ, ಮೀನೂ ಇಲ್ಲ.

ಬೊಸ್ಪೊರದ ಕೆಳಗಿನ ಹೊನಲಿನ ವಿಷಯದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲವರು ಸಂಶಯಪಟ್ಟರು. ಆದರೆ ರಷ್ಯದ ನೌಕಾಧಿಕಾರಿಯಾದ ಮಕಾರೊವ್ ಎಂಬವನು ೧೮೮೧-೮೨ರಲ್ಲಿ ಅಲ್ಲಿ ಅನೇಕ ಅಳತೆಗಳನ್ನು ಮಾಡಿ, ಮಾರ್ಸಿಲಿಯು ಕಂಡದ್ದು ಸರಿಯೆಂದು ಸ್ಥಾಪಿಸಿದನು. ಈ ಕಾಲದಲ್ಲಿ ಭೂಮಿಯ ಶಾಖವು ಹೆಚ್ಚುತ್ತಿರುವದರಿಂದ ಉತ್ತರದ ಮಂಜುಗಡ್ಡೆ ಕರಗಿ ಸಿಹಿನೀರು ಸಾಗರಕ್ಕೆ ಸೇರುತ್ತಿದೆ. ಅದರಿಂದ ಅಲ್ಲಿಯ ನೀರು ಹಗುರವಾಗಿ, ಮುಳುಗುವಿಕೆಯು ಕುಗ್ಗಬಹುದೆಂದು ಶಾಸ್ತ್ರಜ್ಞರು ಚಿಂತಿಸುತ್ತಾ, ೨೦೦೪ರಿಂದ ಅಟ್ಲಾಂಟಿಕ್ ಸಾಗರದ ಅಡ್ಡಕ್ಕೆ ಉಪಕರಣಗಳನ್ನು ಇಳಿಸಿ ಎಡೆಬಿಡದೆ ಅಳೆಯುತ್ತಿದ್ದಾರೆ. ಬೆಂಡು ಕಟ್ಟಿದ ಹಗ್ಗದಿಂದ ಆರಂಭವಾದ ಕೆಲಸವು ಇನ್ನೂ ಮುಗಿದಿಲ್ಲ.

ನಮ್ಮ ಕರಾವಳಿಯೂ ಈ ಕ್ರಮಕ್ಕೆ ಹೊರತಲ್ಲ. ಗಂಗೆ, ಬ್ರಹ್ಮಪುತ್ರ, ಗೋದಾವರಿಗಳೂ ನಮ್ಮ ಸೀಮೆಯನ್ನು ಹಾದುಹೋಗುವ ಕೃಷ್ಣೆ, ಕಾವೇರಿಗಳೂ ಬಂಗಾಳ ಕೊಲ್ಲಿಗೆ ಸೇರುವದರಿಂದ ಅದರ ಮೇಲಿನ ನೀರು ಅರಬ್ಬೀ ಸಮುದ್ರದ ನೀರಿಗಿಂತ ಹಗುರ. ಮಳೆಗಾಲವು ಮುಗಿದು ಚಳಿಗಾಲವು ಬಂದಾಗ ಆ ಹಗುರ ನೀರಿನ ಒಂದು ಪಾಲು ದಕ್ಷಿಣದ ತುದಿಯನ್ನು ಸುತ್ತಿ, ಪಶ್ಚಿಮ ತೀರದ ಉದ್ದಕ್ಕೂ ಉತ್ತರಕ್ಕೆ ಬರುವದು.

ಸಭೆಗಳವರಿಗೆ ಒಂದು ಮಾತು

ಪ್ರಿಯರೇ, ಈ ಚರಿತ್ರೆಯಿಂದ ಎರಡು ಸಂಗತಿಗಳನ್ನು ನಿಮ್ಮ ಮುಂದೆ ಇಡುತ್ತೇವೆ. ಮೊದಲನೆಯದು, ಸತ್ಯವು ಅನೇಕಸಾರಿ ವಿದ್ಯಾವಂತರಿಗಿಂತ ಮೊದಲು ದುಡಿಯುವವರ ಕೈಗೆ ತಿಳಿದಿರುತ್ತದೆ. ಬಲೆ ಹಾಕುವವನೂ ಉಳುವವನೂ ಕಂಡದ್ದನ್ನು ಹೀನೈಸಬಾರದು. ಹಾಗೆಯೇ, ಕೇಳಿದ್ದನ್ನು ಪರೀಕ್ಷಿಸದೆ ಹಬ್ಬಿಸಲೂ ಬಾರದು.

ಎರಡನೆಯದು ಇದಕ್ಕಿಂತ ಕಷ್ಟವಾದದ್ದು. ಕರ್ತನ ಹೆಸರನ್ನು ಹಿಡಿದದ್ದರಿಂದ ನೆಂಟರಿಂದ ದೂರವಾದವರೂ, ಬಾವಿಯ ಬಳಿಯಲ್ಲಿ ತಡೆಯಲ್ಪಟ್ಟವರೂ, ಕೂಲಿಯನ್ನು ಕಳೆದುಕೊಂಡವರೂ ನಮ್ಮ ಸಭೆಗಳಲ್ಲಿದ್ದಾರೆ. ಕಾಲವು ಬದಲಾಗಿ, ಹಾಗೆ ಮಾಡಿದವನೇ ಒಂದು ದಿನ ನಮ್ಮ ಬಾಗಿಲಿಗೆ ಬರಬಹುದು: ಅವನ ಮಗುವಿಗೆ ಓದಿಸುವವರು ಬೇಕಾಗಬಹುದು, ಅವನ ಅರ್ಜಿಯನ್ನು ಬರೆಯುವವರು ಬೇಕಾಗಬಹುದು, ಅವನ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಬೇಕಾಗಬಹುದು. ಹಳೆಯ ಕಟ್ಟುಗಳ ನೆನಪು ಆಗ ಬಂದೇ ಬರುವದು. ನೆನಪು ಬರುವದು ಪಾಪವಲ್ಲ. ಮಾರ್ಸಿಲಿಯೂ ಆ ಮುಖವನ್ನು ಮರೆತಿರಲಿಲ್ಲ; ನೆನಪಿದ್ದದರಿಂದಲೇ ಗುರುತು ಹಿಡಿದನು. ಗುರುತು ಹಿಡಿದ ಮೇಲೆ ಅವನು ಪತ್ರವನ್ನು ಬರೆದನು. ತನ್ನನ್ನು ಶಿಲುಬೆಗೆ ಹಾಕಿದವರಿಗಾಗಿ ಪ್ರಾರ್ಥಿಸಿದ ಕರ್ತನು ನಮಗೂ ಅಂಥಾ ಪತ್ರವನ್ನು ಬರೆಯುವ ಮನಸ್ಸನ್ನು ಅನುಗ್ರಹಿಸಲಿ.